ಕಪಾಟಿನಲ್ಲಿ ಕಾದಂಬರಿ ಒಂದೇ ಸಾಲದು

ಈ ಸೆಮ್‌ನಲ್ಲಿ ನಮ್ಮ ಸಂಘದ ಕಪಾಟಿಗೆ ಹೊಸ ಪುಸ್ತಕ ತರಿಸೋಣ ಅಂತ ತೀರ್ಮಾನ ಆಗಿದೆ. ಹಣ ಇರೋದು ಇಪ್ಪತ್ತು ಪುಸ್ತಕಕ್ಕೆ. ವಾಟ್ಸಾಪ್ ಗುಂಪಿನಲ್ಲಿ ಒಂದು ಪಟ್ಟಿ ಓಡಾಡ್ತಾ ಇದೆ, ನೀವೂ ನೋಡಿರ್ತೀರಿ. ಪರ್ವ, ಮಲೆಗಳಲ್ಲಿ ಮದುಮಗಳು, ಮೂಕಜ್ಜಿಯ ಕನಸುಗಳು, ಹೀಗೆ ಹದಿನಾರು ಕಾದಂಬರಿ. ಉಳಿದ ನಾಲ್ಕು, ಶ್ರೀಮಂತರಾಗೋದು ಹೇಗೆ, ಬೆಳಗ್ಗೆ ಐದಕ್ಕೆ ಏಳೋದು ಹೇಗೆ ಅಂತ ಹೇಳಿಕೊಡೋ ಅನುವಾದಗಳು. ಆ ನಾಲ್ಕರ ಬಗ್ಗೆ ನಾನು ಜಾಸ್ತಿ ಹೇಳಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಬೆಳಗ್ಗೆ ಐದಕ್ಕೆ ಎದ್ದರೆ ಬಿಸಿನೀರೂ ಸಿಗಲ್ಲ.

ಹದಿನಾರು ಕಾದಂಬರಿಗಳ ಬಗ್ಗೆ ಮಾತ್ರ ನನ್ನ ತಕರಾರಿದೆ. ಅವು ಕೆಟ್ಟವು ಅಂತಲ್ಲ. ಅದರಲ್ಲಿ ಅರ್ಧಕ್ಕರ್ಧ ಕನ್ನಡದ ದೊಡ್ಡ ಪುಸ್ತಕಗಳೇ. ಆದರೆ ಈ ಕಪಾಟನ್ನ ತೆರೆಯೋದು ಯಾರು? ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷಿಗೆ ತಡಕಾಡಿ, ಸಿಇಟಿ ಬರೆದು ಇಲ್ಲಿಗೆ ಬಂದು ಸೇರೋ ಜೂನಿಯರ್ಸ್. ಪ್ರತಿ ವರ್ಷ ಒಂದಷ್ಟು ಮಂದಿ ಮೊದಲ ತಿಂಗಳಲ್ಲೇ ಸಂಘದ ರೂಮಿಗೆ ಬರ್ತಾರೆ. ನಾವು ಪ್ರೀತಿಯಿಂದಲೇ ಅವರ ಕೈಗೆ ಏಳುನೂರು ಪುಟದ ಪುಸ್ತಕ ಕೊಡ್ತೀವಿ, 'ಇದನ್ನ ಓದದಿದ್ರೆ ಕನ್ನಡಿಗನೇ ಅಲ್ಲ' ಅಂತ ಒಂದು ಮಾತು ಬೇರೆ ಸೇರಿಸ್ತೀವಿ. ಮೊದಲ ಇಂಟರ್ನಲ್ಸ್ ಬರುತ್ತೆ, ಲ್ಯಾಬ್ ರೆಕಾರ್ಡ್ ಬರುತ್ತೆ, ಪುಸ್ತಕ ಹಾಸಿಗೆ ಕೆಳಗೆ ಹೋಗುತ್ತೆ. ವಾಪಸ್ ಕೊಡೋಕೆ ಮುಜುಗರ ಆಗಿ ಹುಡುಗನೂ ಮತ್ತೆ ಬರಲ್ಲ. ಆಮೇಲೆ ಅವನು ಕನ್ನಡದಲ್ಲಿ ಓದೋದು ಸಿನಿಮಾ ಪೋಸ್ಟರ್ ಮತ್ತು ಬಸ್ಸಿನ ಬೋರ್ಡು ಮಾತ್ರ. ಸಂಘಕ್ಕೆ ಅವನು ಸಿಗೋದು ನವೆಂಬರ್ ಒಂದರಂದು ಬಾವುಟ ಹಿಡಿಯೋಕೆ. ಇದು ಸಣ್ಣ ನಷ್ಟ ಅಂತ ನನಗೆ ಅನ್ನಿಸಲ್ಲ. ಕನ್ನಡದಲ್ಲಿ ಯೋಚನೆ ಮಾಡಬಲ್ಲ ಒಬ್ಬ ಎಂಜಿನಿಯರನ್ನ ನಾವು ಪುಸ್ತಕ ಕೊಟ್ಟೇ ಕಳ್ಕೊಳ್ತಾ ಇದ್ದೀವಿ.

ಅದಕ್ಕೆ ನನ್ನ ವಾದ ಇಷ್ಟು: ಇಪ್ಪತ್ತರಲ್ಲಿ ಕಾದಂಬರಿ ಆರೇಳು ಸಾಕು. ಉಳಿದ ಜಾಗ ನಾಟಕಕ್ಕೆ, ಆತ್ಮಕಥನಕ್ಕೆ, ಸಿನಿಮಾ ಪುಸ್ತಕಕ್ಕೆ ಬಿಡಿ.

ಮೊದಲು ನಾಟಕ. 'ನಾಟಕ ನೋಡೋದು, ಓದೋದಲ್ಲ' ಅಂತ ಹೇಳೋ ಸೀನಿಯರ್ಸ್ ಇದ್ದಾರೆ. ಸರಿ, ನೋಡೋಕೆ ಸಿಕ್ಕಾಗ ನೋಡೋಣ. ಆದರೆ ನಾಟಕದಷ್ಟು ಬೇಗ ಓದಿ ಮುಗಿಸೋಕಾಗೋ ಒಳ್ಳೆ ಸಾಹಿತ್ಯ ಬೇರೆ ಇಲ್ಲ. ಗಿರೀಶ್ ಕಾರ್ನಾಡರ 'ತುಘಲಕ್' ಒಂದು ಭಾನುವಾರದ ಮಧ್ಯಾಹ್ನದಲ್ಲಿ ಮುಗಿಯುತ್ತೆ. 1964ರಲ್ಲಿ ಅದು ಬಂದಾಗ ಕಾರ್ನಾಡರಿಗೆ ಇಪ್ಪತ್ತಾರು ವರ್ಷ, ಅಂದರೆ ನಮ್ಮ ಕ್ಯಾಂಪಸ್ಸಿನ ಪಿಎಚ್‌ಡಿ ಮಾಡ್ತಿರೋ ಅಣ್ಣಂದಿರ ವಯಸ್ಸು. ದೆಹಲಿಯ ಸುಲ್ತಾನ ರಾಜಧಾನಿಯನ್ನ ದೌಲತಾಬಾದಿಗೆ ಸಾಗಿಸ್ತಾನೆ, ತಾಮ್ರದ ನಾಣ್ಯ ತರ್ತಾನೆ. ಎರಡೂ ಯೋಜನೆ ಕಾಗದದ ಮೇಲೆ ಸೊಗಸಾಗೇ ಇವೆ. ಅವನು ದಡ್ಡನಲ್ಲ, ಆಸ್ಥಾನದಲ್ಲಿ ಎಲ್ಲರಿಗಿಂತ ಹೆಚ್ಚು ಓದಿಕೊಂಡವನು. ಆದರೆ ಆ ವ್ಯವಸ್ಥೆಯೊಳಗೆ ಬದುಕಬೇಕಾದ ಜನ ಏನು ಮಾಡ್ತಾರೆ ಅನ್ನೋದು ಅವನ ಲೆಕ್ಕದಲ್ಲಿ ಇರಲ್ಲ. ಆ ಸಂದಿಯಲ್ಲೇ ಅಜೀಜ್ ಅನ್ನೋ ಅಗಸ ನುಗ್ತಾನೆ. ಸುಲ್ತಾನನ ಒಂದೊಂದು ಸುಧಾರಣೆಯಲ್ಲೂ ತನಗೆ ಬೇಕಾದ ತೂತು ಹುಡುಕಿಕೊಳ್ತಾನೆ. ಕೊನೆಗೆ ಗುಲಾಬಿ ತೋಟದಲ್ಲಿ ಖೋಟಾ ನಾಣ್ಯದ ರಾಶಿ ಬೀಳುತ್ತೆ. ಸಿಸ್ಟಮ್ ಡಿಸೈನ್ ಬಗ್ಗೆ ಇದಕ್ಕಿಂತ ಒಳ್ಳೆ ಪಾಠ ನಮ್ಮ ಸಿಲಬಸ್ಸಿನಲ್ಲಿ ಇದೆಯಾ, ನೀವೇ ಹೇಳಿ. ಈ ನಾಟಕದ ಐದು ಪ್ರತಿ ತರಿಸಬೇಕು ಅನ್ನೋದು ನನ್ನ ಒತ್ತಾಯ. ಐದು ಜನ ಒಂದು ರೂಮಿನಲ್ಲಿ ಕೂತು ಪಾತ್ರ ಹಂಚಿಕೊಂಡು ಜೋರಾಗಿ ಓದಬಹುದು. ಒಬ್ಬನೇ ಓದೋಕೆ ಬೇಜಾರಾಗೋ ಹುಡುಗನೂ ಅಜೀಜನ ಪಾತ್ರ ಸಿಕ್ಕರೆ ಬಿಡಲ್ಲ.

ಇನ್ನು ಕೈಲಾಸಂ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದು, ಮೈಸೂರು ಸಂಸ್ಥಾನದಲ್ಲಿ ಅದೇ ಇಲಾಖೆಯ ಕೆಲಸ ಮಾಡಿ, ಕೊನೆಗೆ ನಾಟಕಕ್ಕೆ ಬಂದ ಮನುಷ್ಯ. ಸೈನ್ಸ್ ಓದಿದವರಿಗೂ ಸಾಹಿತ್ಯಕ್ಕೂ ದೂರ ಅನ್ನೋರಿಗೆ ಈ ಒಂದು ಹೆಸರು ಸಾಕು. ಅವರ 'ಟೊಳ್ಳುಗಟ್ಟಿ' ನಾಟಕದಲ್ಲಿ ಅಣ್ಣತಮ್ಮಂದಿರಿಬ್ಬರು. ಒಬ್ಬ ಪರೀಕ್ಷೆಗೆ ಹುಟ್ಟಿದವನು, ಇನ್ನೊಬ್ಬ ಮನೆಗೆ ಆಗೋನು. ನಾವು ಸಿಜಿಪಿಎ ಅಂತ ಕರೆಯೋದರ ಬಗ್ಗೆ ನೂರು ವರ್ಷದ ಹಿಂದೆಯೇ ಜಗಳ ತೆಗೆದವರು ಅವರು. ಭಾಷೆಯಂತೂ ಇಂಗ್ಲಿಷ್ ಬೆರೆಸಿದ ಕನ್ನಡ. ನಾವು ಕ್ಯಾಂಟೀನಿನಲ್ಲಿ ಮಾತಾಡೋದನ್ನ ಕೇಳಿ 'ಕನ್ನಡ ಹಾಳಾಯ್ತು' ಅಂತ ಮುಖ ಸಿಂಡರಿಸೋರ ಕೈಗೆ ಮೊದಲು ಈ ಪುಸ್ತಕ ಕೊಡಬೇಕು.

ಆತ್ಮಕಥನದ ವಿಷಯಕ್ಕೆ ಬಂದರೆ ನನ್ನ ದನಿ ಸ್ವಲ್ಪ ಏರುತ್ತೆ, ಕ್ಷಮಿಸಿ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಇಡೀ ಕ್ಯಾಂಪಸ್ ತನ್ನ ಕಥೆಯನ್ನ ಒಂದು ಪುಟದ ರೆಸ್ಯೂಮೆಯಲ್ಲಿ ಹೇಳುತ್ತೆ. ಅದರಲ್ಲಿ ಬ್ಯಾಕ್‌ಲಾಗ್ ಇರಲ್ಲ, ಮನೆಯ ಸಾಲ ಇರಲ್ಲ, ಊರು ಇರಲ್ಲ, ಕೇರಿಯಂತೂ ಇರೋದೇ ಇಲ್ಲ. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿ. ಮಾಗಡಿ ಕಡೆಯ ಹಳ್ಳಿಯಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುಮೆ ಮಾಡಿಸ್ತಾರೆ, ಆ ಇಬ್ಬರಲ್ಲಿ ಒಬ್ಬರು ಬರೆಯೋ ಹುಡುಗನ ಅಪ್ಪ. ಇದನ್ನ ಯಾರೇ ಬರೆದರೂ ಸಿಟ್ಟಿನಲ್ಲಿ ಬರೀತಾರೆ ಅಂತ ನಾವು ಅಂದುಕೊಳ್ತೀವಿ. ಸಿದ್ಧಲಿಂಗಯ್ಯ ಪುಸ್ತಕ ಪೂರ್ತಿ ನಗಿಸ್ತಾರೆ. ಹಾಸ್ಟೆಲ್ ದಿನಗಳನ್ನ, ಸ್ಮಶಾನದಲ್ಲಿ ಕೂತು ಓದೋದನ್ನ ಎಷ್ಟು ಹಗುರವಾಗಿ ಹೇಳ್ತಾರೆ ಅಂದರೆ ನಕ್ಕು ಮುಗಿಸಿದ ಮೇಲೆ ನಮಗೆ ಹೊಟ್ಟೆಯಲ್ಲಿ ಏನೋ ಕಲಕುತ್ತೆ. ನಮ್ಮ ಹಾಸ್ಟೆಲ್‌ಗಳಲ್ಲಿ ರಿಸರ್ವೇಶನ್ ಬಗ್ಗೆ ರಾತ್ರಿ ಹನ್ನೊಂದರ ಮೇಲೆ ಎಂಥೆಂಥ ಮಾತು ಆಡ್ತಾರೆ ಅಂತ ಎಲ್ಲರಿಗೂ ಗೊತ್ತು. ಆ ಮಾತಿಗೆ ಕೂತೋರಲ್ಲಿ ಎಷ್ಟು ಜನ ಇಂಥ ಒಂದು ಪುಸ್ತಕ ಓದಿದ್ದಾರೆ? ಅದು ತೆಳು ಪುಸ್ತಕ, ಸಮಯ ಇಲ್ಲ ಅನ್ನೋ ನೆಪವೂ ನಡೆಯಲ್ಲ.

ಬಿ.ವಿ. ಕಾರಂತರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಇನ್ನೊಂದು. ಅವರು ಹೇಳ್ತಾ ಹೋದದ್ದನ್ನ ವೈದೇಹಿ ಬರೆದಿದ್ದಾರೆ, ಹಾಗಾಗಿ ಓದುವಾಗ ಎದುರಿಗೆ ಕೂತು ಕೇಳಿದ ಹಾಗೇ ಇರುತ್ತೆ. ಬಂಟ್ವಾಳ ಕಡೆಯ ಹುಡುಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರ್ತಾನೆ. ವೀರಣ್ಣನವರೇ ಅವನನ್ನ ಓದೋಕೆ ಕಾಶಿಗೆ ಕಳಿಸ್ತಾರೆ. ಅಲ್ಲಿ ಹಿಂದಿ, ಓಂಕಾರನಾಥ ಠಾಕೂರರ ಹತ್ತಿರ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಮುಂದೆ ಅದೇ ಶಾಲೆಗೆ ನಿರ್ದೇಶಕ, ಭೋಪಾಲಿನಲ್ಲಿ ರಂಗಮಂಡಲ, 1989ರಲ್ಲಿ ಮೈಸೂರಿನ ರಂಗಾಯಣ. ಇವರೇ 1975ರಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನ ಸಿನಿಮಾ ಮಾಡಿ ಸ್ವರ್ಣಕಮಲ ತಂದವರು. ಇಂಥವರ ಬದುಕನ್ನ ರೋಡ್‌ಮ್ಯಾಪ್ ಅಂತ ಚಾರ್ಟ್ ಬರೆಯೋಕೆ ಹೋದರೆ ಪೆನ್ನು ಮುರಿಯುತ್ತೆ. ಕಾರ್ನಾಡರ 'ಆಡಾಡತ ಆಯುಷ್ಯ' (2011) ಕೂಡ ಬೇಕು. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಹುಡುಗ ಆಕ್ಸ್‌ಫರ್ಡಿಗೆ ಹೋಗೋದು, ವಾಪಸ್ ಬಂದು ಮದರಾಸಿನಲ್ಲಿ ನೌಕರಿ ಹಿಡಿಯೋದು, ಅದನ್ನೂ ಬಿಡೋದು, ಎಲ್ಲ ಅದರಲ್ಲಿದೆ.

ಆದರೆ ಒಬ್ಬರೇ ಲೇಖಕರನ್ನ ಹಿಡಿದು ಈ ನಾಲ್ಕೂ ಬಾಗಿಲನ್ನ ತೆಗೀಬೇಕು ಅಂದರೆ ನಾನು ಪಿ. ಲಂಕೇಶರನ್ನ ಆರಿಸ್ತೀನಿ. 'ಬಿರುಕು' ಕಾದಂಬರಿ ಬರೆದರು, ಅದನ್ನೇ 1976ರಲ್ಲಿ 'ಪಲ್ಲವಿ' ಅಂತ ಸಿನಿಮಾ ಮಾಡಿ ಅತ್ಯುತ್ತಮ ನಿರ್ದೇಶಕ ಅಂತ ರಾಷ್ಟ್ರಪ್ರಶಸ್ತಿ ತಗೊಂಡರು. ಸಿನಿಮಾದಲ್ಲಿ ಕಥೆ ಹೆಣ್ಣಿನ ಕಡೆಯಿಂದ ಬರುತ್ತೆ. ತನ್ನದೇ ಪುಸ್ತಕವನ್ನ ಇನ್ನೊಂದು ಕಣ್ಣಿನಿಂದ ನೋಡೋ ಧೈರ್ಯ ಎಲ್ಲ ಲೇಖಕರಿಗೂ ಇರಲ್ಲ. 'ಸಂಕ್ರಾಂತಿ' ನಾಟಕದಲ್ಲಿ ಬಸವಣ್ಣ ಬಿಜ್ಜಳರ ಕಲ್ಯಾಣವನ್ನ ತಂದರು. ಅದೇ ಕಲ್ಯಾಣವನ್ನ ಕಾರ್ನಾಡರು 'ತಲೆದಂಡ'ದಲ್ಲಿ ಹೇಗೆ ಕಂಡರು ಅಂತ ಪಕ್ಕಪಕ್ಕ ಇಟ್ಟು ಓದಬಹುದು. ಲಂಕೇಶರ ಆತ್ಮಕಥನ 'ಹುಳಿಮಾವಿನ ಮರ'. ಅದನ್ನ ತರಿಸಿದರೆ ಜೊತೆಗೆ ಇಂದಿರಾ ಲಂಕೇಶರ 'ಹುಳಿಮಾವು ಮತ್ತು ನಾನು' ತರಿಸಲೇಬೇಕು. ಒಂದೇ ಮನೆ, ಒಂದೇ ಸಂಸಾರ, ಎರಡು ಪುಸ್ತಕ. ಗಂಡ ಬರೆದಾಗ ಮಹತ್ವದ್ದು ಅನ್ನಿಸಿದ ವಿಷಯವೇ ಹೆಂಡತಿಗೂ ಮಹತ್ವದ್ದಾಗಬೇಕಿಲ್ಲ. ಈ ಎರಡನ್ನೂ ಒಬ್ಬರೇ ಓದೋದಕ್ಕಿಂತ ಒಬ್ಬ ಹುಡುಗ ಒಂದನ್ನ, ಒಬ್ಬ ಹುಡುಗಿ ಇನ್ನೊಂದನ್ನ ಓದಿ ಸಂಘದಲ್ಲಿ ಬಂದು ಜಗಳ ಆಡಿದರೆ ನನಗೆ ಇನ್ನೂ ಖುಷಿ.

ಸಿನಿಮಾ ಪುಸ್ತಕ ಯಾಕೆ, ಸಿನಿಮಾ ನೋಡಿದರೆ ಸಾಲದಾ ಅಂತ ಕೇಳ್ತೀರಿ. ನಮ್ಮಲ್ಲಿ ರೀಲ್ಸ್ ಎಡಿಟ್ ಮಾಡದವರೇ ಇಲ್ಲ, ಶಾರ್ಟ್ ಫಿಲ್ಮ್ ಮಾಡೋ ತಂಡಗಳೇ ಇವೆ. ಆದರೆ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂತು, ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ನಾಟಕ ಕಂಪನಿಗಳಿಂದ ಬಂದವರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಕೆ. ಪುಟ್ಟಸ್ವಾಮಿಯವರ 'ಸಿನಿಮಾ ಯಾನ' ಈ ದಾರಿಯನ್ನೆಲ್ಲ ಹೇಳುತ್ತೆ. ಸಿನಿಮಾ ಪುಸ್ತಕಕ್ಕೆ ಕೊಡೋ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂದಿದೆ. ಗಿರೀಶ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು. 'ಘಟಶ್ರಾದ್ಧ' ಮಾಡಿದಾಗ ಇನ್ನೂ ಮೂವತ್ತು ದಾಟಿರಲಿಲ್ಲ. 1977ರ ಆ ಸಿನಿಮಾವನ್ನ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು.

ಅವರದೇ 'ತಬರನ ಕಥೆ'ಯನ್ನ ಪ್ರೊಜೆಕ್ಟರ್ ಹಾಕಿ ನೋಡೋಣ, ಅದಕ್ಕೂ ಮೊದಲು ತೇಜಸ್ವಿಯವರ ಕಥೆ ಓದೋಣ. ರಿಟೈರಾದ ಸರ್ಕಾರಿ ಜವಾನನೊಬ್ಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೀತಾನೆ, ಮನೆಯಲ್ಲಿ ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೀತಾ ಹೋಗುತ್ತೆ. ಸ್ಕಾಲರ್‌ಶಿಪ್ ಹಣಕ್ಕೆ ಆಫೀಸು ಕೌಂಟರಿನ ಮುಂದೆ ನಿಂತವರಿಗೆ ಈ ಕಥೆಗೆ ಮುನ್ನುಡಿ ಬೇಕಿಲ್ಲ. ಓದುವಾಗ ನಾವು ಕಂಡ ತಬರ ಬೇರೆ, ತೆರೆಯ ಮೇಲೆ ಚಾರುಹಾಸನ್ ಮುಖದಲ್ಲಿ ಬರೋ ತಬರ ಬೇರೆ. ಯಾವುದು ಹೆಚ್ಚು ಅನ್ನೋ ವಾದ ಮಾಡೋಕಾದರೂ ಎರಡೂ ಗೊತ್ತಿರಬೇಕು.

ಹಾಗಾದರೆ ಕಾದಂಬರಿಗಳಲ್ಲಿ ಯಾವುದು ಉಳೀಬೇಕು? ನನ್ನ ಮೊದಲ ಓಟು 'ಕರ್ವಾಲೋ'ಗೆ. ಹಾರುವ ಓತಿಯನ್ನ ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ರೈತ, ಕಾಡಿನ ಮಂದಣ್ಣ ಘಟ್ಟದ ಕಾಡಿಗೆ ಹೋಗ್ತಾರೆ. ಊರಿನವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೋ ಕಣ್ಣಿಗೆ ಅವನೇ ನಿಜವಾದ ನೋಟಗಾರ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಒಂದೇ ರಾತ್ರಿಗೆ ಮುಗಿಯುತ್ತೆ, ದುಡ್ಡು ಬಂದ ಮನೆಯಲ್ಲಿ ಏನೇನು ಆಗುತ್ತೆ ಅಂತ ಪ್ಯಾಕೇಜ್ ಲೆಕ್ಕ ಹಾಕೋರು ಓದಬೇಕು. ಬರೆದವರು ಎಂಜಿನಿಯರ್. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ವಸುಧೇಂದ್ರರ 'ಮೋಹನಸ್ವಾಮಿ' ಕಾದಂಬರಿ ಅಲ್ಲ, ಕಥೆಗಳು, ಆದರೂ ಇರಲಿ. ಹುಡುಗನನ್ನ ಪ್ರೀತಿಸೋ ಹುಡುಗನ ಕಥೆ ಅಂತ ಕೇಳಿದ ಕೂಡಲೇ ನಗೋ ರೂಮುಗಳು ನಮ್ಮಲ್ಲೂ ಇವೆ, ಆ ರೂಮುಗಳಲ್ಲೇ ಬಾಯಿ ಮುಚ್ಚಿಕೊಂಡು ಕೂತಿರೋ ಮೋಹನಸ್ವಾಮಿಗಳೂ ಇದ್ದಾರೆ. ಅವರಿಗೆ ಈ ಪುಸ್ತಕ ಕಪಾಟಿನಲ್ಲಿ ಸುಮ್ಮನೆ ಕಂಡರೂ ಸಾಕು.

ಪರ್ವವನ್ನ, ಮದುಮಗಳನ್ನ ಕೈಬಿಡಬೇಕಾ ಅಂತ ಗುಂಪಿನಲ್ಲಿ ಒಬ್ಬರು ಬೇಸರದಲ್ಲೇ ಕೇಳಿದ್ದಾರೆ. ಬೇಡ. ಎರಡೂ ನಮ್ಮ ಕಾಲೇಜು ಲೈಬ್ರರಿಯ ಮೂರನೇ ಮಹಡಿಯಲ್ಲಿ, ಕನ್ನಡ ರ್‍ಯಾಕಿನಲ್ಲಿ ಇವೆ. ಐಡಿ ಕಾರ್ಡ್ ತೋರಿಸಿದರೆ ಕೊಡ್ತಾರೆ. 'ಊರುಕೇರಿ'ಯೂ 'ತುಘಲಕ್'ಕೂ ಅಲ್ಲಿಲ್ಲ, ಹುಡುಕಿ ನೋಡಿದ್ದೀನಿ. ಪಟ್ಟಿ ಈ ಶುಕ್ರವಾರ ಅಂಗಡಿಗೆ ಹೋಗುತ್ತೆ. ತಕರಾರು ಇರೋರು ಅಷ್ಟರೊಳಗೆ ಸಂಘದ ರೂಮಿಗೆ ಬನ್ನಿ, ನಾನು ಸಂಜೆ ಐದರ ಮೇಲೆ ಅಲ್ಲೇ ಇರ್ತೀನಿ.