ಚಳಿಗೆ ಮುನ್ನ ಮನೆ, ಕೊಟ್ಟಿಗೆ, ಗಾಡಿ



ಕಾರ್ತಿಕ ಮಾಸ ಕಳೆಯುತ್ತಾ ಬಂದಿತು. ಅವರೆ ಹೂವಾಗಿದೆ, ರಾಗಿ ತೆನೆ ಬಲಿತಿದೆ. ಇನ್ನು ಮಾರ್ಗಶಿರ, ಪುಷ್ಯ, ಮಾಘ ಈ ಮೂರು ತಿಂಗಳು ಚಳಿಯವು. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋಗುತ್ತದೆ, ಅಲ್ಲಿಯವರೆಗೆ ಕಂಬಳಿ ಹೊದ್ದು ಹೇಗೋ ಕಳೆದರಾಯಿತು ಎಂದು ನಮ್ಮಲ್ಲಿ ಬಹಳ ಮಂದಿ ಸುಮ್ಮನಿರುತ್ತಾರೆ. ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವ ರೂಢಿ ಎಲ್ಲ ಮನೆಗಳಲ್ಲೂ ಇದೆ. ಚಳಿಗೆ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಮನೆ, ಕೊಟ್ಟಿಗೆ, ಗಾಡಿಗಳನ್ನು ನೋಡಿಕೊಳ್ಳುವ ರೂಢಿ ಮಾತ್ರ ಇಲ್ಲ.

ಹಿಮ ಬೀಳುವ ದೇಶಗಳಲ್ಲಿ ಹೀಗೆ ಸುಮ್ಮನಿರಲು ಸಾಧ್ಯವಿಲ್ಲ. ಅಲ್ಲಿ ಮುಂಚಿತವಾಗಿ ಸಿದ್ಧಮಾಡಿಕೊಳ್ಳದಿದ್ದರೆ ನಲ್ಲಿಯ ನೀರು ಕೊಳವೆಯಲ್ಲೇ ಹೆಪ್ಪುಗಟ್ಟುತ್ತದೆ, ಗಾಡಿ ಮನೆ ಮುಂದಿನಿಂದ ಕದಲುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೆಂದರೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಅಂದಿನಿಂದ ಇಂದಿನವರೆಗೆ ಅದಕ್ಕಿಂತ ಕೆಳಗೆ ಇಳಿದಿಲ್ಲ. ಚಳಿ ಇಷ್ಟು ಮೃದುವಾಗಿರುವುದರಿಂದಲೇ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಒಂದು ಮಾತನ್ನು ಮನಗಾಣಬೇಕು. ನಮ್ಮ ಸೀಮೆಯಲ್ಲಿ ಚಳಿಯೇ ಜೀವ ತೆಗೆಯುವುದು ಅಪರೂಪ. ಚಳಿಗೆ ಹೆದರಿ ನಾವು ಮಾಡಿಕೊಳ್ಳುವ ತಪ್ಪು ಏರ್ಪಾಡು ಜೀವ ತೆಗೆಯುತ್ತದೆ. ಚಳಿಗಾಲದ ಮುಂಜಾವಿನ ಮಂಜಿನಲ್ಲಿ ನಾವು ತೋರುವ ಅಲಕ್ಷ್ಯ ಜೀವ ತೆಗೆಯುತ್ತದೆ. ಇವೆರಡನ್ನೂ ತಪ್ಪಿಸಲು ಬೇಕಾದ ಹಣ ಬಹಳ ಕಡಿಮೆ. ಈ ವಾರ ಆ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ಅಗ್ಗಿಷ್ಟಿಕೆಯ ಮಾತು. ರಾತ್ರಿ ಮಲಗುವಾಗ ಬಾಂಡಲಿಯಲ್ಲಿ ಕೆಂಡ ತುಂಬಿ ಕೋಣೆಯೊಳಗಿಟ್ಟು, ಕಿಟಕಿ ಬಾಗಿಲು ಭದ್ರಪಡಿಸಿ ಮಲಗುವವರಿದ್ದಾರೆ. ಬಾಣಂತಿ ಕೋಣೆಯಲ್ಲಿ ಈ ರೂಢಿ ಹೆಚ್ಚು. ಕೆಂಡದಲ್ಲಿ ಹೊಗೆ ಇಲ್ಲ, ಆದ್ದರಿಂದ ಅಪಾಯವಿಲ್ಲ ಎಂಬುದು ನಮ್ಮ ನಂಬಿಕೆ. ಇದು ತಪ್ಪು. ಗಾಳಿ ಸಾಲದ ಕಡೆ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ನಿದ್ದೆಯಿಂದ ಏಳುವುದೇ ಇಲ್ಲ.

ಕೆಂಡ ಕಾಯಿಸಿಕೊಳ್ಳಲೇಬೇಕಾದರೆ ಎಚ್ಚರವಾಗಿರುವಾಗ, ಬಾಗಿಲು ತೆರೆದಿಟ್ಟು ಕಾಯಿಸಿಕೊಳ್ಳಿ. ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಅಂಗಳಕ್ಕೆ ಸಾಗಿಸಿ ನೀರು ಹಾಕಿ ಆರಿಸಿ. ಯಾರಿಗಾದರೂ ತಲೆನೋವು, ತಲೆ ಸುತ್ತು, ವಾಕರಿಕೆ ಕಾಣಿಸಿದರೆ ಕೂಡಲೇ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನು ಹೊರಗೋಡೆಗೆ ಬದಲಿಸಿ. ಮುಚ್ಚಿದ ಬಚ್ಚಲಲ್ಲಿ ಅದೂ ಇದೇ ವಿಷವನ್ನು ಕಾರುತ್ತದೆ. ಇದರ ಖರ್ಚು ಒಂದೆರಡು ಮಾರು ಕೊಳವೆ ಮತ್ತು ಕೆಲಸಗಾರನ ಕೂಲಿ ಮಾತ್ರ.

ರೇಷ್ಮೆ ಸಾಕುವವರೂ ಕೋಳಿಮರಿ ಸಾಕುವವರೂ ಇದನ್ನು ಎರಡು ಬಾರಿ ಓದಬೇಕು. ಚಾಕಿ ಹುಳುವಿಗೆ 27ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಶಾಖ ಬೇಕು. ಮೊದಲ ವಾರದ ಕೋಳಿಮರಿಗೆ ಸುಮಾರು 35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಶಾಖಕ್ಕಾಗಿ ಇದ್ದಿಲ ಒಲೆ ಇಟ್ಟಾಗ ಮೇಲುಗಡೆಯ ಗವಾಕ್ಷಿಗಳನ್ನು ಮುಚ್ಚಬಾರದು. ಹುಳು ನೋಡಿಕೊಳ್ಳಲೆಂದು ಆ ಕೋಣೆಯಲ್ಲೇ ಯಾರೂ ಮಲಗಬಾರದು. ಅಂದಾಜಿನ ಮೇಲೆ ಶಾಖ ಕೊಡುವುದಕ್ಕಿಂತ ಒಂದು ಉಷ್ಣಮಾಪಕ ತೂಗುಹಾಕಿ. ಅದರ ಬೆಲೆ ಹಾಳಾಗುವ ಒಂದು ತಟ್ಟೆ ಹುಳುವಿನ ಬೆಲೆಗಿಂತ ಕಡಿಮೆ.

ಇನ್ನು ಮನೆಯ ಮಾತು. ಚಳಿಗಾಲದಲ್ಲಿ ನಮ್ಮ ಕಡೆ ಬೀಸುವುದು ಮೂಡಣ ಗಾಳಿ. ಆದ್ದರಿಂದ ಮೂಡಲ ಗೋಡೆ, ಮೂಡಲ ಕಿಟಕಿಗಳನ್ನು ಮೊದಲು ನೋಡಿ. ಮಣ್ಣಿನ ಗೋಡೆಯಲ್ಲಿ ಬಿರುಕಿದ್ದರೆ ಜೇಡಿಮಣ್ಣು, ಮರಳು, ಸಗಣಿ ಕಲಸಿ ಮೆತ್ತಿದರೆ ಸಾಕು. ಕಿಟಕಿಯ ಸಂದಿಗೆ ಹಳೆಯ ಗೋಣಿತಾಟು ಸಾಕು. ಸಂದಿ ಮುಚ್ಚಿದರೂ ಸೂರಿನ ಕೆಳಗಿನ ಗವಾಕ್ಷಿ ತೆರೆದೇ ಇರಲಿ. ಕಂಬಳಿ, ರಗ್ಗು, ಕೌದಿಗಳನ್ನು ಎರಡು ದಿನ ಬಿಸಿಲಿಗೆ ಹಾಕಿ ಒಳಗಿಡಿ. ಸೌದೆಯನ್ನು ಈಗಲೇ ಒಣಗಿಸಿ ಸೂರಿನಡಿ ಒಟ್ಟಿಕೊಳ್ಳಿ. ಹಸಿ ಸೌದೆ ಹೊಗೆಯನ್ನು ಕೊಡುತ್ತದೆಯೇ ಹೊರತು ಶಾಖವನ್ನಲ್ಲ. ಹಳ್ಳಿಗಳಿಗೆ ಉಪಯೋಗವಾಗುವ ತಂತ್ರಗಳನ್ನು ರೂಪಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಆರಂಭವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಹೊಗೆಯನ್ನು ಕೊಳವೆಯ ಮೂಲಕ ಮನೆಯಿಂದಾಚೆ ಕಳಿಸಿ ಸೌದೆಯನ್ನೂ ಉಳಿಸುತ್ತಿತ್ತು. ನಿಮ್ಮ ಮನೆಯಲ್ಲಿ ಇಂದಿಗೂ ಅಂತಹ ಒಲೆ ಇದ್ದರೆ ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಈಗಲೇ ತೆಗೆಯಿರಿ. ಮಸಿ ಕಟ್ಟಿದರೆ ಹೊಗೆ ಮತ್ತೆ ಅಡುಗೆಮನೆಗೇ ತಿರುಗುತ್ತದೆ.

ಕೊಟ್ಟಿಗೆಯಲ್ಲಿ ಚಳಿಗಿಂತ ತೇವವೇ ದೊಡ್ಡ ಶತ್ರು. ನೆಲ ಒಣಗಿದ್ದರೆ ದೊಡ್ಡ ಹಸು ನಮ್ಮ ಚಳಿಯನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಗಂಜಲ ಹರಿದುಹೋಗುವ ಕಾಲುವೆಯನ್ನು ಬಿಡಿಸಿ, ದನ ತಿಂದುಳಿದ ಹುಲ್ಲನ್ನು ರಾತ್ರಿ ನೆಲಕ್ಕೆ ಹಾಸಿ, ಬೆಳಿಗ್ಗೆ ತಿಪ್ಪೆಗೆ ಎಳೆಯಿರಿ. ಕರು ಮಾತ್ರ ತಾಳುವುದಿಲ್ಲ. ಎಳೆಗರುವಿಗೆ ಗೋಣಿಚೀಲವನ್ನು ಬಿಚ್ಚಿ ಬೆನ್ನಿನ ಮೇಲೆ ಹೊದಿಸಿ, ಎದೆಯ ಕೆಳಗೆ ಹುರಿಯಿಂದ ಕಟ್ಟಿ. ಚೀಲ ಒದ್ದೆಯಾದರೆ ಬದಲಿಸಿ. ಮೂಡಲ ಕಡೆ ತಟ್ಟಿ ಕಟ್ಟಿ, ಮೇಲೆ ಎರಡಡಿ ಬಿಡಿ. ಸೊಳ್ಳೆಗೆಂದು ಹಾಕಿದ ಹೊಗೆಯ ಬೆಂಕಿಯನ್ನು ರಾತ್ರಿಯಿಡೀ ಬಿಟ್ಟು ಮಲಗಬೇಡಿ. ಪಕ್ಕದಲ್ಲೇ ಹುಲ್ಲಿನ ಮೆದೆ ಇರುತ್ತದೆ, ದನದ ಕೊರಳಲ್ಲಿ ಹಗ್ಗ ಇರುತ್ತದೆ.

ಈಗ ಗಾಡಿಗೆ ಬರೋಣ. ಬಾಗಲೂರು, ಕಣ್ಣೂರು, ಬಿದರಹಳ್ಳಿ ಕಡೆಯಿಂದ ಸೊಪ್ಪು, ತರಕಾರಿ ತುಂಬಿದ ಆಟೊ, ಟೆಂಪೊಗಳು ಬೆಳಗಿನ ಜಾವ ನಗರದ ಕಡೆ ಹೊರಡುತ್ತವೆ. ಕಲ್ಯಾಣ ನಗರ, ಕಮ್ಮನಹಳ್ಳಿ, ಇಂದಿರಾನಗರದವರು ಕಣ್ಣುಜ್ಜಿಕೊಂಡು ಏಳುವ ಹೊತ್ತಿಗೆ ಸೊಪ್ಪು ಅಂಗಡಿಯಲ್ಲಿರಬೇಕು. ಇಂದಿನ ಕಲ್ಯಾಣ ನಗರ ಹಿಂದೆ ನಮ್ಮಂಥವರದೇ ಹೊಲವಾಗಿತ್ತು. ಅಲ್ಲಿನ ಎಚ್‌ಆರ್‌ಬಿಆರ್ ಬಡಾವಣೆಯ ಹೆಸರಿನಲ್ಲಿ ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆಗಳು ಇಂದಿಗೂ ಅಡಗಿ ಕುಳಿತಿವೆ. ಹೊಲ ಬಡಾವಣೆಯಾದ ಮೇಲೆ ಸೊಪ್ಪು ಬೆಳೆಯುವ ಊರು ದೂರ ಸರಿಯಿತು, ರೈತ ಹೊರಡುವ ಹೊತ್ತು ಮುಂದಾಯಿತು. ಚಳಿಗಾಲದಲ್ಲಿ ಆ ಹೊತ್ತೆಂದರೆ ಕತ್ತಲು ಮತ್ತು ಮಂಜು ಎರಡೂ ಸೇರಿದ ಹೊತ್ತು. ಕೆರೆ ಏರಿ, ಕೆರೆ ಪಕ್ಕದ ತಗ್ಗುಗಳಲ್ಲಿ ಮಂಜು ಇನ್ನೂ ದಟ್ಟ. ಹಳೆ ಮದರಾಸು ರಸ್ತೆಯಲ್ಲಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಬಳಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಜಿನಲ್ಲಿ ನಿಮಗೆ ದಾರಿ ಕಾಣಬೇಕು ನಿಜ. ಅದಕ್ಕಿಂತ ಹೆಚ್ಚಾಗಿ ನಿಮ್ಮ ಗಾಡಿ ಹಿಂದಿನವನಿಗೆ ಕಾಣಬೇಕು. ಟ್ರಾಕ್ಟರ್ ಟ್ರೈಲರ್‌ಗಳಲ್ಲಿ ಎಷ್ಟಕ್ಕೆ ಹಿಂದಿನ ದೀಪ ಉರಿಯುತ್ತದೆ ಎಂದು ನಿಮ್ಮೂರಲ್ಲೇ ಎಣಿಸಿ ನೋಡಿ. ಟ್ರೈಲರ್‌ನ ಹಿಂಬದಿಗೆ ಕೆಂಪು, ಪಕ್ಕಕ್ಕೆ ಹಳದಿ, ಮುಂದಕ್ಕೆ ಬಿಳಿ ಬಣ್ಣದ ಹೊಳೆಯುವ ಪಟ್ಟಿ ಅಂಟಿಸಿ. ಅಂಟಿಸುವ ಮುನ್ನ ಧೂಳು, ಜಿಡ್ಡು ಒರೆಸದಿದ್ದರೆ ವಾರದಲ್ಲೇ ಕಿತ್ತುಬರುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಒಳಗಿನಿಂದ ಗಾಜು ಮಸುಕಾದರೆ ಪಕ್ಕದ ಗಾಜನ್ನು ನಾಲ್ಕು ಬೆರಳು ಇಳಿಸಿ. ಚಕ್ರದ ಗಾಳಿಯನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗ ನೋಡಿ. ಚಳಿಗೆ ಗಾಳಿಯ ಒತ್ತಡ ಇಳಿಯುತ್ತದೆ.

ಬೆಳಗಿನ ಜಾವ ಎಂಜಿನ್ ಹತ್ತದಿದ್ದರೆ ಹೆಚ್ಚಿನ ಪಾಲು ತಪ್ಪು ಬ್ಯಾಟರಿಯದು. ಹೊಸದನ್ನು ಕೊಳ್ಳುವ ಮುನ್ನ ಹಳೆಯದನ್ನು ನೋಡಿಕೊಳ್ಳಿ. ತುದಿಗಳಲ್ಲಿ ಕಟ್ಟಿದ ಬಿಳಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರಿ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಡಿಸ್ಟಿಲ್ಡ್ ನೀರನ್ನೇ ಹಾಕಿ, ಬೋರ್‌ವೆಲ್ ನೀರು ಬೇಡ. ಹತ್ತಿರದಲ್ಲಿ ಬೀಡಿ ಹಚ್ಚಬೇಡಿ. ಅರೆ ತುಂಬಿದ ಡೀಸೆಲ್ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ನೀರಿನ ಹನಿ ಕಟ್ಟುತ್ತದೆ. ಆದ್ದರಿಂದ ಸಾಧ್ಯವಾದಾಗ ಸಂಜೆಯೇ ತುಂಬಿಸಿ, ಫಿಲ್ಟರಿನ ತಳದ ನೀರನ್ನು ಆಗಾಗ ಇಳಿಸಿ. ಡೀಸೆಲ್ ಗಟ್ಟಿಯಾಗುವ ಚಳಿ ನಮ್ಮಲ್ಲಿಲ್ಲ. ಚಳಿಗಾಲಕ್ಕೆಂದು ಯಾರಾದರೂ ಟ್ಯಾಂಕಿಗೆ ಹಾಕುವ ಔಷಧ ಮಾರಲು ಬಂದರೆ ಆ ಹಣವನ್ನು ಉಳಿಸಿ. ಎಂಜಿನ್ ಬಿಸಿಮಾಡಲೆಂದು ಅಡಿಯಲ್ಲಿ ಪಂಜು ಹಿಡಿಯುವುದನ್ನಂತೂ ಕೂಡಲೇ ನಿಲ್ಲಿಸಿ.

ಕೊನೆಯದಾಗಿ, ನಿಷ್ಠುರವಾದರೂ ಹೇಳಲೇಬೇಕಾದ ಮಾತೊಂದಿದೆ. ಅದು ರಸ್ತೆಯ ಮೇಲಿನ ಒಕ್ಕಣೆ. ಸುಗ್ಗಿ ಬಂದರೆ ಹೊಸಕೋಟೆ, ಕೋಲಾರದ ಕಡೆ ಟಾರು ರಸ್ತೆಯೇ ಕಣವಾಗುತ್ತದೆ. ರಾಗಿ, ಹುರುಳಿಯನ್ನು ರಸ್ತೆಗೆ ಹರಡಿ ವಾಹನಗಳ ಚಕ್ರದಲ್ಲಿ ತುಳಿಸುತ್ತೇವೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ರೋಣಗಲ್ಲು ಎಳೆಯುವ ಎತ್ತು ಇಲ್ಲ, ಕೂಲಿಗೆ ಆಳು ಸಿಗುವುದಿಲ್ಲ, ಊರ ಮುಂದಿನ ಕಣದ ಜಾಗ ಸೈಟುಗಳಾಗಿ ಹೋಗಿದೆ. ಆದರೂ ಆ ಹುಲ್ಲಿನ ಮೇಲೆ ಜಾರಿ ಬೀಳುವವನು ಪಕ್ಕದೂರಿನ ದ್ವಿಚಕ್ರ ಸವಾರ. ಹುಲ್ಲು ಗಾಡಿಯಡಿಯ ಅಚ್ಚಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಗುಲಿದರೆ ಗಾಡಿಯೇ ಹೊತ್ತಿಕೊಳ್ಳುತ್ತದೆ. ರಾಶಿಗೆ ಕಾವಲಾಗಿ ಅಂಚಿಗಿಟ್ಟ ಕಲ್ಲುಗಳು ಮಂಜಿನಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ. ಸೊಪ್ಪು ಹೊತ್ತು ಆ ದಾರಿಯಲ್ಲಿ ಹೊರಟ ನಮ್ಮ ಮಗನೇ ಅದಕ್ಕೆ ಬಡಿಯಬಹುದು. ಇಷ್ಟಾಗಿಯೂ ಕೈಗೆ ಬರುವುದು ಕಲ್ಲು, ಎಣ್ಣೆ, ಟಾರಿನ ಚೂರು ಬೆರೆತ ರಾಗಿ.

ಇದಕ್ಕೆ ದಾರಿಯಿದೆ. ನಾಲ್ಕಾರು ಮನೆಯವರು ಕೂಡಿ ಒಂದು ತುಂಡು ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಬಡಿದು, ಸಗಣಿ ಸಾರಿಸಿ ಕಣ ಮಾಡಬಹುದು. ಒಕ್ಕಣೆ ಯಂತ್ರವನ್ನು ಪಾಲಿನ ಮೇಲೆ ಬಾಡಿಗೆಗೆ ತರಬಹುದು. ಉದ್ಯೋಗ ಖಾತರಿ ಯೋಜನೆಯಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿದ ಪಂಚಾಯಿತಿಗಳಿವೆ. ನಿಮ್ಮೂರಲ್ಲಿ ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಹಳ್ಳಿಗೊಂದು ಕಣ ಕೊಡದೆ ರಸ್ತೆಯಲ್ಲಿ ಒಕ್ಕಬೇಡಿರೆಂದು ದಂಡದ ಬೆದರಿಕೆ ಹಾಕುವುದು ನ್ಯಾಯವಲ್ಲ ಎಂಬುದನ್ನು ಅಧಿಕಾರಿಗಳೂ ತಿಳಿಯಬೇಕು. ಜೊತೆಗೆ ಒಂದು ಟಾರ್ಪಾಲು ಇರಲಿ. 2021ರ ನವೆಂಬರ್ ಮಳೆಗೆ ಕೊಯ್ಲಿಗೆ ಬಂದ ರಾಗಿ ನೆಲಕ್ಕೊರಗಿ ತೆನೆಯಲ್ಲೇ ಮೊಳೆತದ್ದನ್ನೂ, 2024ರಲ್ಲಿ ಫೆಂಗಲ್ ಚಂಡಮಾರುತ ಡಿಸೆಂಬರಿನಲ್ಲಿ ಮಳೆ ತಂದದ್ದನ್ನೂ ಮರೆಯುವಂತಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಆದ್ದರಿಂದ ಖರ್ಚಿಗೆ ಒಂದು ಕ್ರಮವಿರಲಿ. ಕಾಸಿಲ್ಲದ ಕೆಲಸ ಮೊದಲು: ಕೆಂಡ ಹೊರಗಿಡುವುದು, ಗವಾಕ್ಷಿ ಬಿಡಿಸುವುದು, ಕೊಟ್ಟಿಗೆ ಒಣಗಿಸುವುದು, ಕರುವಿಗೆ ಗೋಣಿ ಹೊದಿಸುವುದು. ನಾಲ್ಕೈದು ಲೀಟರ್ ಡೀಸೆಲ್‌ನ ಬೆಲೆಯಲ್ಲಿ ಮುಗಿಯುವ ಕೆಲಸ ಎರಡನೆಯದು: ಹೊಳೆಯುವ ಪಟ್ಟಿ, ಹಿಂದಿನ ದೀಪದ ಬಲ್ಬು. ಟಾರ್ಪಾಲು, ಗೀಸರ್ ಬದಲಾವಣೆ ಮೂರನೆಯದು. ಹೊಸ ಬ್ಯಾಟರಿ, ಹೊಸ ರಗ್ಗು ಎಲ್ಲ ಆಮೇಲೆ. ಬೆಳೆ ಕೈಗೆ ಬಂದ ಮೇಲೆ ಕೊಂಡರೂ ನಷ್ಟವಿಲ್ಲ.

ವಾಚನಾಲಯದಲ್ಲಿ ಇದನ್ನು ಓದಿದವರು ಓದು ಬಾರದವರಿಗೂ ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಬೇಕೆಂದು ಕೋರುತ್ತೇವೆ. ಬಾಣಂತಿ ಕೋಣೆಯ ಬಾಗಿಲು ಮುಚ್ಚುವವರು, ತೆರೆಯುವವರು ಅವರೇ. ಉಳಿದದ್ದಕ್ಕೆ ನಾಳೆಯವರೆಗೆ ಸಮಯವಿದೆ. ಅಗ್ಗಿಷ್ಟಿಕೆಯನ್ನು ಮಾತ್ರ ಈ ರಾತ್ರಿಯಿಂದಲೇ ಹೊರಗಿಡಿ.