ಗಡಿ ದಾಟುವವರ ಗಂಟಲ ದ್ರವ



ಜಗಳೂರಿನಂಥ ಮಳೆ ಕಡಿಮೆಯ ಸೀಮೆಯಲ್ಲಿಯೂ ಮನೆಯ ಒಂದು ಕುಡಿ ಪರದೇಶದಲ್ಲಿರುವುದು ಈಗ ಅಪರೂಪವೇನಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೊರಡುವ ತಾಯಂದಿರಿದ್ದಾರೆ. ಜಾತ್ರೆಗೋ ಮದುವೆಗೋ ದುಬೈಯಿಂದ ಬಂದುಹೋಗುವ ಮಕ್ಕಳಿದ್ದಾರೆ. ಕೋವಿಡ್ ಮಹಾಮಾರಿಯ ಕಾಲದಲ್ಲಿ ಇಂಥ ಮನೆಗಳವರು ಪರೀಕ್ಷಾ ವರದಿಗಾಗಿ ಪಟ್ಟ ಪಾಡು ಸಣ್ಣದಲ್ಲ. ಆ ನಿಯಮಗಳು ಏಕೆ ಬಂದವು, ಎಷ್ಟರಮಟ್ಟಿಗೆ ಫಲಿಸಿದವು ಎಂಬುದನ್ನು ಈ ಸಲ ವಿಚಾರ ಮಾಡೋಣ.

ಮೊದಮೊದಲು ವಿಮಾನ ನಿಲ್ದಾಣದಲ್ಲಿ ನೋಡುತ್ತಿದ್ದುದು ಮೈಯ ಶಾಖವನ್ನು ಮಾತ್ರ. 2020ರ ಫೆಬ್ರವರಿ 29ರಂದು ಸೌದಿ ಅರೇಬಿಯಾದಿಂದ ಮರಳಿದ ಕಲಬುರಗಿಯ 76 ವರ್ಷದ ಹಿರಿಯರೊಬ್ಬರಲ್ಲಿ ಆಗ ಯಾವ ಲಕ್ಷಣವೂ ಕಾಣಲಿಲ್ಲ. ಮಾರ್ಚ್ 10ರಂದು ಅವರು ತೀರಿಕೊಂಡರು. ಎರಡು ದಿನಗಳ ತರುವಾಯ ಅದು ದೇಶದ ಮೊದಲ ಕೋವಿಡ್ ಸಾವೆಂದು ದೃಢಪಟ್ಟಿತು. ಶಾಖಮಾಪಕವು ಕೆಟ್ಟಿರಲಿಲ್ಲ, ಅಧಿಕಾರಿಯೂ ನಿದ್ರಿಸುತ್ತಿರಲಿಲ್ಲ. ಸೋಂಕು ತಗುಲಿದ ಮೇಲೆ ಲಕ್ಷಣ ತೋರಲು ಸಾಮಾನ್ಯವಾಗಿ ಐದಾರು ದಿನಗಳು, ಕೆಲವರಲ್ಲಿ ಹದಿನಾಲ್ಕು ದಿನಗಳವರೆಗೂ ಹಿಡಿಯುತ್ತವೆ. ಜ್ವರ ಬಾರದವನನ್ನು ಜ್ವರದ ಅಳತೆಯಿಂದ ಹಿಡಿಯುವುದೆಂತು?

ಬಳಿಕ ಬಂದದ್ದು ಕೈಮೇಲಿನ ಮುದ್ರೆ. ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ಕೈಗೆ ನಮ್ಮ ರಾಜ್ಯದಲ್ಲಿಯೂ ಮುದ್ರೆ ಒತ್ತಲಾಯಿತು. ಮತದಾನದ ಅಳಿಸಲಾಗದ ಶಾಯಿಯನ್ನು ಈ ಕೆಲಸಕ್ಕೆ ಬಳಸಬಹುದೆಂದು ಚುನಾವಣಾ ಆಯೋಗವೇ ಆ ಮಾರ್ಚಿನಲ್ಲಿ ಅನುಮತಿ ಕೊಟ್ಟಿತು. (ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿಯೇ.) ಮುದ್ರೆ ಬೇಕಾಗಿತ್ತೆಂದೇ ನಮ್ಮ ಅಭಿಪ್ರಾಯ. ಆದರೆ ಅದನ್ನು ಕಂಡ ನೆರೆಹೊರೆಯವರು ಮನೆಮಂದಿಯನ್ನೆಲ್ಲ ಅಪರಾಧಿಗಳಂತೆ ದೂರವಿಟ್ಟದ್ದು ಸರಿಯಲ್ಲ. ಹೀಗೆ ಅವಮಾನವಾಗುವುದಾದರೆ ಮುಂದಿನವನು ಪ್ರಯಾಣವನ್ನೇ ಮುಚ್ಚಿಡುತ್ತಾನೆ. ಮುಚ್ಚಿಟ್ಟರೆ ರೋಗಕ್ಕೆ ಹೆದ್ದಾರಿ.

2021ರ ಫೆಬ್ರವರಿಯಿಂದ ಭಾರತಕ್ಕೆ ಬರುವವರು ಪ್ರಯಾಣಕ್ಕೆ 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿಯನ್ನು 'ಏರ್ ಸುವಿಧಾ' ಜಾಲತಾಣದಲ್ಲಿ ಸಲ್ಲಿಸಬೇಕಾಯಿತು. ಅಮೆರಿಕೆಯ ಕಟ್ಟಳೆ ಇನ್ನೂ ಬಿಗಿ: ಆ ವರ್ಷದ ಜನವರಿಯಲ್ಲಿ ಮೂರು ದಿನಗಳೊಳಗಿನ ವರದಿ ಸಾಕೆಂದಿದ್ದುದು ಡಿಸೆಂಬರಿನಲ್ಲಿ ಒಂದೇ ದಿನಕ್ಕೆ ಇಳಿಯಿತು. ಬೆಂಗಳೂರಿನಲ್ಲಿರುವವರಿಗೆ ಇದು ಅರ್ಧ ದಿನದ ಓಡಾಟ. ಜಗಳೂರಿನ ಹಳ್ಳಿಯಿಂದ ಹೊರಟ ಅರವತ್ತು ದಾಟಿದ ದಂಪತಿಗಳಿಗೋ! ಮೊದಲೇ ಬೆಂಗಳೂರು ಸೇರಿ, ನೆಂಟರ ಮನೆಯಲ್ಲಿ ತಂಗಿ, ಗಂಟಲ ದ್ರವ ಕೊಟ್ಟು, ವರದಿ ಬರುವ ತನಕ ಉಸಿರು ಬಿಗಿಹಿಡಿದು ಕಾಯಬೇಕು. ಪಾಸ್‌ಪೋರ್ಟಿನಲ್ಲಿದ್ದ ಹೆಸರಿಗೂ ವರದಿಯ ಹೆಸರಿಗೂ ಒಂದಕ್ಷರ ಹೆಚ್ಚುಕಡಿಮೆಯಾದರೆ ಮತ್ತೊಂದು ಗಂಡಾಂತರ. ನಿಯಮ ಮಾಡುವವರ ಕಣ್ಣಿಗೆ ಇಂಥ ಹಿರಿಯರು ಬೀಳಲಿಲ್ಲವೆಂದೇ ನಾವು ಹೇಳುತ್ತೇವೆ. ಅಮೆರಿಕೆಯು ಈ ಕಟ್ಟಳೆಯನ್ನು 2022ರ ಜೂನ್ 12ರಂದು ತೆಗೆಯಿತು.

ಇಷ್ಟೆಲ್ಲ ಕಷ್ಟಪಟ್ಟು ತಂದ ವರದಿಯಾದರೂ ಗಟ್ಟಿಯೇ? 2021ರ ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪ್ರಕಟವಾದವು. ಒಬ್ಬರು ನವೆಂಬರ್ 20ರಂದು ದಕ್ಷಿಣ ಆಫ್ರಿಕೆಯಿಂದ ಬಂದವರು. ಸೋಂಕಿಲ್ಲವೆಂಬ ವರದಿ ಅವರ ಕೈಯಲ್ಲಿತ್ತು; ಇಲ್ಲಿ ಇಳಿದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಸೋಂಕು ಕಂಡಿತು. ವಂಶವಾಹಿ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಅವರು, ಖಾಸಗಿ ಪ್ರಯೋಗಾಲಯದ ಮತ್ತೊಂದು ವರದಿ ಹಿಡಿದು, ದುಬೈಗೆ ಹೊರಟುಹೋಗಿದ್ದರು. ಇನ್ನೊಬ್ಬರು ಬೆಂಗಳೂರಿನ ವೈದ್ಯರು. ಅವರು ಪರದೇಶಕ್ಕೇ ಹೋಗಿರಲಿಲ್ಲ! ಅಂದರೆ ಬಾಗಿಲಲ್ಲಿ ಕಾವಲು ಬಿಗಿಯಾಗುವ ಮೊದಲೇ ಅತಿಥಿ ಒಳಗಿದ್ದ. ವರದಿಯು ದ್ರವ ಕೊಟ್ಟ ಆ ಗಳಿಗೆಯ ಸಂಗತಿಯನ್ನಷ್ಟೇ ಹೇಳುತ್ತದೆ. ಅನಂತರ ಟ್ಯಾಕ್ಸಿಯಲ್ಲಿ, ಸರದಿಯಲ್ಲಿ, ವಿಮಾನದಲ್ಲಿ ತಗುಲಿದ್ದನ್ನು ಅದು ಬಲ್ಲದೇ? ಆದ್ದರಿಂದಲೇ ಆ ಡಿಸೆಂಬರ್ 1ರಿಂದ ಅಪಾಯದ ದೇಶಗಳಿಂದ ಬಂದವರಿಗೆ ಇಳಿದೊಡನೆ ಪರೀಕ್ಷೆ, ಏಳು ದಿನ ಮನೆವಾಸ, ಎಂಟನೆಯ ದಿನ ಮರುಪರೀಕ್ಷೆ ಎಂದು ವಿಧಿಸಿದರು. ಇವುಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಆ ಏಳು ದಿನಗಳೇ ಎಂದು ನಮಗೆ ತೋರುತ್ತದೆ. ಅಜ್ಜಿ-ತಾತಂದಿರಿರುವ ಮನೆಯಲ್ಲಿ, ಬಂದ ಮೊಮ್ಮಗ ಒಂದು ವಾರ ಬೇರೆ ಕೋಣೆಯಲ್ಲಿ ಉಂಡು ಮಲಗಿದ್ದರೆ ಅದು ಯಾವ ವರದಿಗಿಂತಲೂ ದೊಡ್ಡ ರಕ್ಷೆ.

ಏರ್ ಸುವಿಧಾ 2022ರ ನವೆಂಬರ್ 22ಕ್ಕೆ ನಿಂತಿತು. 2023ರ ಜನವರಿಯಲ್ಲಿ ಚೀನಾ, ಜಪಾನ್ ಮೊದಲಾದ ಆರು ಕಡೆಗಳಿಂದ ಬರುವವರಿಗೆ ಪರೀಕ್ಷೆ ಮರಳಿ ಬಂದು, ಫೆಬ್ರವರಿಯಲ್ಲಿ ಸಡಿಲವಾಯಿತು. ಆದರೆ ಎಲ್ಲ ಪತ್ರಗಳೂ ಹೋದವೆಂದು ತಿಳಿಯಬೇಡಿ. ಆಫ್ರಿಕೆಯ ಹಾಗೂ ದಕ್ಷಿಣ ಅಮೆರಿಕೆಯ ಅನೇಕ ದೇಶಗಳಲ್ಲಿ ಹಳದಿ ಜ್ವರವಿದೆ. ನಮ್ಮಲ್ಲಿ ಆ ರೋಗವಿಲ್ಲ. ಅದನ್ನು ಹರಡಬಲ್ಲ ಸೊಳ್ಳೆಯಂತೂ ಧಾರಾಳವಾಗಿದೆ, ಡೆಂಗ್ಯೂ ಹರಡುವುದೂ ಅದೇ. ಅದಕ್ಕಾಗಿ ಅಲ್ಲಿಂದ ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸಲೇಬೇಕು. ಇಲ್ಲವಾದರೆ ಆರು ದಿನಗಳವರೆಗೆ ಪ್ರತ್ಯೇಕವಾಸ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಪಡೆಯತಕ್ಕದ್ದು. ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪತ್ರವು ಊರ್ಜಿತವಾಗುತ್ತದೆ. ಆದಕಾರಣ ಟಿಕೆಟ್ ಕೊಳ್ಳುವ ಮೊದಲೇ ದಿನ ಎಣಿಸಿಕೊಳ್ಳಿ. 2016ರ ಜುಲೈಯಿಂದ ಅದು ಜೀವನಪರ್ಯಂತ ನಡೆಯುತ್ತದೆ, ಹಳೆಯ ಪತ್ರವಿದ್ದವರು ಮತ್ತೆ ಚುಚ್ಚಿಸಿಕೊಳ್ಳಬೇಕಿಲ್ಲ. ಪತ್ರವನ್ನು ಪಾಸ್‌ಪೋರ್ಟಿನೊಡನೆಯೇ ಇಟ್ಟುಕೊಳ್ಳಿರಿ.