ಕಾರಣ ಹೇಳದ ಆದೇಶಗಳು

ನಮ್ಮ ಬಳಗದ ಇಬ್ಬರು ಕಾಲೇಜು ಹುಡುಗರು ಕಳೆದ ಬೇಸಿಗೆ ರಜೆಯಲ್ಲಿ ಚೌಕಾಬಾರವನ್ನು ಮೊಬೈಲಿಗೆ ಅಳವಡಿಸಿದರು. ದೆಹಲಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು. ಅಜ್ಜಿಯ ಮನೆಗೆ ಹೋದಾಗಷ್ಟೇ ಆ ಆಟವನ್ನು ಕಂಡವರು. ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು. ದುಡ್ಡಿನ ಸೋಂಕಿಲ್ಲ, ಜಾಹೀರಾತಿಲ್ಲ. ಆಟಗಳನ್ನು ಹಂಚಿಕೊಳ್ಳುವ ದೊಡ್ಡ ತಾಣವೊಂದಕ್ಕೆ ಅದನ್ನು ಏರಿಸಿದರು.

ಒಂಬತ್ತನೆಯ ದಿನ ಆಟ ಅಲ್ಲಿರಲಿಲ್ಲ. ಬಂದ ಪತ್ರ ಒಂದೇ ಸಾಲಿನದು: ಜೂಜಿಗೆ ಸಂಬಂಧಿಸಿದ ವಸ್ತು, ನಿಯಮಾವಳಿಯ ಉಲ್ಲಂಘನೆ. ಯಾವ ನಿಯಮ, ಆಟದ ಯಾವ ಭಾಗ, ನೋಡಿದ್ದು ಮನುಷ್ಯರೋ ಯಂತ್ರವೋ, ಒಂದೂ ತಿಳಿಯಲಿಲ್ಲ. ಅದೇ ದಿನ ಅದೇ ತಾಣದ ಮುಖಪುಟದಲ್ಲಿ ನಾಣ್ಯ ಸುರಿಸುವ ಸ್ಲಾಟ್ ಯಂತ್ರದ ಆಟವೊಂದು ರಾರಾಜಿಸುತ್ತಿತ್ತು.

ನಾವು ನಿಯಮವಿರೋಧಿಗಳಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಅನ್ನ ತಿನ್ನುವವರಿಗೆ ನಿಯಮವೇ ಅನ್ನ. ಎಳೆಯರ ಕೈಗೆ ಸಿಗುವ ಸರಕನ್ನು ಯಾರಾದರೂ ಜರಡಿ ಹಿಡಿಯಲೇಬೇಕು. ನಿಯಮ ಕಠಿಣವಾಗಿರಲಿ, ಊರಿಂದೂರಿಗೆ ಬೇರೆಯಾಗಿರಲಿ, ಅದೂ ಸಮಸ್ಯೆಯಲ್ಲ. ಚೌಕಾಬಾರವನ್ನೇ ನೋಡಿ. ಒಂದು ಮನೆಯಲ್ಲಿ ಸತತ ಮೂರು ಚೌಕ ಬಿದ್ದರೆ ಸುಟ್ಟುಹೋದಂತೆ. ಇನ್ನೊಂದು ಮನೆಯಲ್ಲಿ ಅದೇ ಭಾಗ್ಯ. ಒಂದೇ ಮನೆಯಲ್ಲಿ ಎರಡು ಕಾಯಿ ಕೂಡಿದರೆ ಜೋಡಿ ಎನ್ನುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಕವಡೆ ಎತ್ತುವ ಮುನ್ನವೇ “ನಮ್ಮ ಮನೆ ಆಟ ಹೀಗೆ” ಎಂದು ಅಜ್ಜಿಯರು ಸಾರಿಬಿಡುತ್ತಿದ್ದರು. ಕಾಯಿ ಹಣ್ಣಾಗುವ ಹೊತ್ತಿಗೆ ಹೊಸ ನಿಯಮ ತೆಗೆದವರಿಗೆ ಮಕ್ಕಳೇ ‘ಅಂಚಿ’ ಎಂದು ಹೆಸರಿಟ್ಟು ಆಟದಿಂದ ಎಬ್ಬಿಸುತ್ತಿದ್ದರು.

ಹುಡುಗರ ಅನುಭವ ಒಂಟಿಯಾದುದಲ್ಲ. 2013ರಲ್ಲಿ ಲ್ಯೂಕಸ್ ಪೋಪ್ ಎಂಬವರು ‘ಪೇಪರ್ಸ್, ಪ್ಲೀಸ್’ ಎಂಬ ಆಟವನ್ನು ರಚಿಸಿದರು. ಕಲ್ಪಿತ ದೇಶವೊಂದರ ಗಡಿಠಾಣೆಯಲ್ಲಿ ಆಡುವವನೇ ಪಾಸ್‌ಪೋರ್ಟ್ ಪರೀಕ್ಷಕ. ಬೆಳಗಾದರೆ ಹೊಸ ಸುತ್ತೋಲೆ. ನಿನ್ನೆ ಸಾಕಾಗಿದ್ದ ಕಾಗದ ಇಂದು ಸಾಲದು. ತಪ್ಪು ಹೆಚ್ಚಿದರೆ ಸಂಬಳಕ್ಕೆ ಕತ್ತರಿ, ಮನೆಯಲ್ಲಿ ಕಾಯಿಲೆಯ ಮಗುವಿಗೆ ಔಷಧಿಯಿಲ್ಲ. (ನಮ್ಮಂಥವರು ಅದನ್ನು ಭಾನುವಾರ ಆಡಿದರೆ ಪರಿಹಾರ ರಜೆ ಕೇಳಬೇಕಾದೀತು.) 2014ರಲ್ಲಿ ಅದು ಐಪ್ಯಾಡಿಗೆ ಬರುವಾಗ, ಪ್ರಯಾಣಿಕರನ್ನು ತಪಾಸಣಾ ಯಂತ್ರ ಬೆತ್ತಲಾಗಿ ತೋರಿಸುವ ದೃಶ್ಯವನ್ನು ಆಪಲ್ ಸಂಸ್ಥೆ ಅಶ್ಲೀಲವೆಂದು ಬಗೆಯಿತು. ಅಧಿಕಾರವು ಮನುಷ್ಯನ ಮಾನವನ್ನು ಹೇಗೆ ಸುಲಿಯುತ್ತದೆಂದು ಹೇಳುವ ದೃಶ್ಯ ಅದು. ಪೋಪ್ ಅದನ್ನು ತೆಗೆದರು. ಸುದ್ದಿ ಹಬ್ಬಿದ ಮೇಲೆ ಸಂಸ್ಥೆ ನಿಲುವು ಬದಲಿಸಿತು. ದೃಶ್ಯ ಆಯ್ಕೆಯ ರೂಪದಲ್ಲಿ ಮರಳಿತು. ಚಿತ್ರ ಬದಲಾಗಿರಲಿಲ್ಲ, ಪತ್ರಿಕೆಗಳಲ್ಲಿ ಸದ್ದಾಗಿತ್ತು, ಅಷ್ಟೆ. ನಮ್ಮ ಹುಡುಗರಿಗಾಗಿ ಸದ್ದು ಮಾಡುವವರು ಯಾರು?

ಸ್ಟೀಮ್ ಎಂಬ ಬೃಹತ್ ಆಟದಂಗಡಿಯನ್ನು ನಡೆಸುವ ವಾಲ್ವ್ ಸಂಸ್ಥೆ, ಕಾನೂನುಬಾಹಿರವಾದುದನ್ನೂ ಬರೀ ಕೆಣಕಲೆಂದೇ ಮಾಡಿದ್ದನ್ನೂ ಬಿಟ್ಟು ಎಲ್ಲಕ್ಕೂ ಜಾಗವಿದೆಯೆಂದು 2018ರ ಜೂನ್‌ನಲ್ಲಿ ಸಾರಿತು. 2025ರ ಜುಲೈನಲ್ಲಿ ಅದೇ ಅಂಗಡಿಯ ನಿಯಮಗಳಿಗೆ ಹೊಸದೊಂದು ಸೇರಿತು: ಹಣಪಾವತಿ ಸಂಸ್ಥೆಗಳ, ಕಾರ್ಡ್ ಜಾಲಗಳ ನಿಯಮಗಳಿಗೆ ವಿರುದ್ಧವಾಗಬಹುದಾದ ವಸ್ತು ಸಲ್ಲದು. ಅದೇ ತಿಂಗಳು ಇಚ್.ಐಓ ಎಂಬ ತಾಣ ವಯಸ್ಕರ ಆಟಗಳನ್ನೆಲ್ಲ ಮುನ್ಸೂಚನೆಯಿಲ್ಲದೆ ಹುಡುಕಾಟದಿಂದ ಮರೆಮಾಡಿತು. ಅವುಗಳಲ್ಲಿ ಕೆಲವು ನಮ್ಮ ಮನೆಯ ಹೊಸ್ತಿಲು ದಾಟಬಾರದವೇ ಇರಬಹುದು, ಆ ಮಾತು ಬೇರೆ. ಅಂಗಡಿಯವನ ನಿಯಮ ಈಗ ಬ್ಯಾಂಕಿನವನ ಕಪಾಟಿನಲ್ಲಿದೆ. ಆಟ ಮಾಡಿದವನು ಯಾರ ಬಾಗಿಲು ತಟ್ಟಬೇಕು?

ನಮ್ಮ ಕಚೇರಿಗಳಲ್ಲಿ ‘ಸ್ಪೀಕಿಂಗ್ ಆರ್ಡರ್’ ಎಂಬ ಮಾತುಂಟು, ಎಂದರೆ ಕಾರಣವನ್ನು ತಾನೇ ನುಡಿಯುವ ಆದೇಶ. ಅರ್ಜಿಯನ್ನು ತಿರಸ್ಕರಿಸುವ ಹಕ್ಕು ಅಧಿಕಾರಿಗಿದೆ, ಮೂಕನಾಗಿ ತಿರಸ್ಕರಿಸುವ ಹಕ್ಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ವಿಧಿಯು ಬಾಧಿತರಿಗೆ ನಿರ್ಧಾರದ ಕಾರಣಗಳನ್ನು ತಿಳಿಸಬೇಕೆನ್ನುತ್ತದೆ. ನಾವು ಅದನ್ನು ಎಷ್ಟು ಚೆನ್ನಾಗಿ ಪಾಲಿಸುತ್ತೇವೆಂದು ಕೇಳಬೇಡಿ. ಪಾಲಿಸದಿದ್ದಾಗ ನಮ್ಮನ್ನು ಹಿಡಿದು ಕೇಳಲು ದಾರಿಯಾದರೂ ಇದೆ. ಖಾಸಗಿ ತಾಣಕ್ಕೆ ಈ ಕಾಯ್ದೆ ಅನ್ವಯಿಸದು, ಬಲ್ಲೆವು. ಆದರೆ ಒಂದು ಆಟ ಜನರನ್ನು ತಲುಪುವ ದಾರಿಗಳು ನಾಲ್ಕೈದು ಹೆಬ್ಬಾಗಿಲುಗಳಿಗೆ ಇಳಿದಿರುವಾಗ, ಅಲ್ಲಿ ನಿಂತವರು ‘ಇದು ನಮ್ಮ ಖಾಸಗಿ ಜಾಗ’ ಎಂದರೆ ಮುಗಿಯಿತೇ? ಜೂಜಿನ ವಿಷಯದಲ್ಲಿ ನಮ್ಮ ಸಂಸತ್ತು 2025ರಲ್ಲಿ ಮಾಡಿದ ಕಾಯ್ದೆ ಕೂಡ ಹಣವಿಟ್ಟು ಆಡುವ ಆಟವನ್ನೂ ಹಣವಿಲ್ಲದ ಆಟವನ್ನೂ ಬೇರೆ ಮಾಡಿ ನೋಡುತ್ತದೆ. ಕವಡೆ ಕಂಡೊಡನೆ ಜೂಜು ಎನ್ನುವುದಿಲ್ಲ.

ಬರುವ ಆಟಗಳ ರಾಶಿ ದೊಡ್ಡದು, ನೋಡುವವರು ಕೆಲವರು, ಎಷ್ಟೋ ಕಡೆ ಸಂಬಳವಿಲ್ಲದ ಹವ್ಯಾಸಿಗಳು ಎಂಬ ಸಮಾಧಾನವನ್ನು ಕೇಳಿದ್ದೇವೆ. ರಾಶಿಯನ್ನು ಮೊದಲು ಯಂತ್ರ ಕೇರಲಿ, ಬೇಡವೆನ್ನುವುದಿಲ್ಲ. ಆದರೆ ತೆಗೆದುಹಾಕಿದ್ದಕ್ಕೆ ನಿಯಮದ ಸಂಖ್ಯೆ ನಮೂದಿಸಲು ಎಷ್ಟು ಹೊತ್ತು ಬೇಕು? ಬರೆದ ಉತ್ತರವನ್ನು ಒಬ್ಬ ಮನುಷ್ಯ ಇಂತಿಷ್ಟು ದಿನದೊಳಗೆ ಓದುತ್ತಾನೆಂಬ ಭರವಸೆ ದುಬಾರಿಯೇ? ಕವಡೆಗೊಂದು, ಸ್ಲಾಟ್ ಯಂತ್ರಕ್ಕೊಂದು ನ್ಯಾಯವಾಗದಂತೆ ಹಳೆಯ ತೀರ್ಮಾನಗಳನ್ನು ಮುಂದಿಟ್ಟುಕೊಳ್ಳುವುದನ್ನು ನಮ್ಮಲ್ಲಿ ಹೊಸ ಗುಮಾಸ್ತನಿಗೂ ಕಲಿಸುತ್ತೇವೆ.

ಹುಡುಗರು ಮೂರು ಸಲ ಬರೆದರು. ಮೂರು ಸಲವೂ ಅದೇ ಸಾಲು, ಪೂರ್ಣವಿರಾಮದ ಸಮೇತ. ಕಿರಿಯವನು “ನಮ್ಮದೇ ಏನೋ ತಪ್ಪಿರಬೇಕು ಮಾವ” ಎಂದಾಗ ನಮಗೆ ನೋವಾಯಿತು. ಕೊನೆಗೆ ಅವರು ಕವಡೆಯ ಚಿತ್ರಗಳನ್ನು ತೆಗೆದು, ಕಲ್ಲಿಗೆ ತೇಯ್ದು ಹೋಳು ಮಾಡಿದ ಹುಣಿಸೆಬೀಜಗಳನ್ನು ಬಿಡಿಸಿ, ಬೇರೆ ಹೆಸರಿನಲ್ಲಿ ಏರಿಸಿದರು. ಉಳಿದದ್ದೆಲ್ಲ ಅದೇ ಆಟ. ಮರುದಿನವೇ ಒಪ್ಪಿಗೆ ಬಂತು, ಅದಕ್ಕೂ ಕಾರಣವಿರಲಿಲ್ಲ. ದೀಪಾವಳಿಯ ಕೂಟದಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಆಟ ಆಡಿ, ಗೆದ್ದು, “ಕವಡೆ ಎಲ್ಲಪ್ಪಾ?” ಎಂದು ಕೇಳಿದರು. ಹುಡುಗರು ನಮ್ಮ ಮುಖ ನೋಡಿದರು.